48 ವೋಲ್ಟ್ ಲಿಥಿಯಂ ಪ್ಯಾಕ್‌ಗೆ ಯಾವ ಚಾರ್ಜರ್? ಅಂಗಡೀಲಿ ಮೂರು ತೋರಿಸ್ತಿದಾರೆ, ತಲೆ ಕೆಟ್ಟೋಯ್ತು

ಶ್ರೀನಗರ_ಬಸ್‌ಸ್ಟಾಪ್:
ಎಲ್ರಿಗೂ ನಮಸ್ಕಾರ, ಇಷ್ಟು ದಿನ ಇಲ್ಲಿ ಬರೀ ಓದ್ಕೊಂಡಿದ್ದೆ, ಇವತ್ತು ನಾನೇ ಕೇಳೋ ಹಂಗಾಯ್ತು. ನಮ್ಮಪ್ಪಂದು ಒಂದು ಲೋ ಸ್ಪೀಡ್ ಎಲೆಕ್ಟ್ರಿಕ್ ಸ್ಕೂಟರ್ ಇದೆ, ನಂಬರ್ ಪ್ಲೇಟ್ ಇಲ್ದಿರೋ ಟೈಪು, ಬೆಳಿಗ್ಗೆ ಗಾಂಧಿ ಬಜಾರ್‌ಗೆ ತರಕಾರಿಗೆ ಹೋಗೋದು, ಸಂಜೆ ರಾಮಾಂಜನೇಯ ಗುಡ್ಡದ ಹತ್ರ ಸ್ನೇಹಿತರ ಜೊತೆ ಕೂತು ಬರೋದು, ಇಷ್ಟೇ ಓಡಾಟ. ತಗೊಂಡಾಗ ಅದ್ರಲ್ಲಿ ನಾಕು ಲೆಡ್ ಆಸಿಡ್ ಬ್ಯಾಟರಿ ಇತ್ತು, ಅವು ಸತ್ಮೇಲೆ ಎರಡು ವರ್ಷದ ಹಿಂದೆ ಒಂದು ಸಣ್ಣ ವರ್ಕ್‌ಶಾಪಲ್ಲಿ ಲಿಥಿಯಂ ಪ್ಯಾಕ್ ಹಾಕಿಸಿದ್ವಿ, 48 ವೋಲ್ಟ್ 24 ಎಎಚ್ (ಆಂಪ್ ಅವರ್, ಅಂದ್ರೆ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ) ಅಂತ ಹೇಳಿದ್ರು, ಚಾರ್ಜರೂ ಅವ್ರೇ ಕೊಟ್ಟಿದ್ರು. ಕಳೆದ ವಾರ ಮಳೆ ಗುಡುಗು ಬಂದಾಗ ಕರೆಂಟ್ ಹೋಗಿ ಬಂದು ಹೋಗಿ ಬಂದು ಆ ಚಾರ್ಜರ್ ಒಳಗೆ ಟಪ್ ಅಂತು, ಮುಗೀತು. ಪ್ಯಾಕ್ ಮೇಲಿನ ಸ್ಟಿಕ್ಕರ್ ನೀರು ಬಿದ್ದು ಅಳಿಸಿಹೋಗಿದೆ. ವರ್ಕ್‌ಶಾಪ್ ಇದ್ದ ಜಾಗದಲ್ಲಿ ಈಗ ದೋಸೆ ಕ್ಯಾಂಪ್ ಇದೆ.

ನಿನ್ನೆ ಎಸ್ ಪಿ ರೋಡಿಗೆ ಹೋಗಿ 48 ವೋಲ್ಟ್ ಚಾರ್ಜರ್ ಕೊಡಿ ಅಂದೆ. ಅಂಗಡಿಯವ್ರು ಮೂರು ತೆಗ್ದಿಟ್ರು, ಒಂದ್ರ ಮೇಲೆ 54.6 ವೋಲ್ಟ್, ಇನ್ನೊಂದ್ರ ಮೇಲೆ 58.4, ಮತ್ತೊಂದ್ರ ಮೇಲೆ 58.8. ಮೂರೂ 48 ವೋಲ್ಟಿಂದೇ ಸಾರ್, ಯಾವ್ದಾದ್ರೂ ತಗೊಳ್ಳಿ ಅಂತಾರೆ! ತಗೊಳ್ದೆ ವಾಪಸ್ ಬಂದೆ. ಮನೇಲಿ ಅಪ್ಪ ಏನಂತಾರೆ ಅಂದ್ರೆ ಅಟ್ಟದ ಮೇಲೆ ಮೊದಲಿನ ಲೆಡ್ ಆಸಿಡ್ ಚಾರ್ಜರ್ ಇದೆ, ಚೆನ್ನಾಗೇ ಇದೆ, ಪಿನ್ನೂ ಕೂರುತ್ತೆ, ಅದನ್ನೇ ಹಾಕಿದ್ರಾಯ್ತು ಅಂತ. ಪಿನ್ ನಿಜವಾಗ್ಲೂ ಕೂರುತ್ತೆ. ಹಾಕ್ಲಾ?

ಮೀಟರ್_ಮಾಮ:
ಹಾಕ್ಬೇಡಿ. ಬೇರೆ ಮಾತೆಲ್ಲ ಆಮೇಲೆ. ಮೊದಲು ಆ ಅಟ್ಟದ ಏಣಿ ತೆಗ್ದು ಪಕ್ಕದ ಮನೇಲಿ ಇಡಿ.

ಡಬಲ್_ರೋಡ್_ದಾಸ:
ಯಾಕೆ ಮಾಮ ಇಷ್ಟು ಹೆದರಿಸ್ತೀರ, ಲಿಥಿಯಂ ಪ್ಯಾಕ್ ಒಳಗೆ ಬಿಎಂಎಸ್ ಅಂತ ಸೆಲ್ಲುಗಳನ್ನ ಕಾಯೋ ಒಂದು ಬೋರ್ಡ್ ಇರುತ್ತಲ್ವಾ, ಜಾಸ್ತಿ ಆದ್ರೆ ಅದೇ ಕಟ್ ಮಾಡುತ್ತೆ. ನಮ್ಮ ಏರಿಯಾದಲ್ಲಿ ಡೆಲಿವರಿ ಹುಡುಗ್ರು ಸಿಕ್ಕಿದ್ ಚಾರ್ಜರ್ ಹಾಕ್ಕೊಂಡು ಓಡಾಡ್ತಿದಾರೆ, ಏನೂ ಆಗಿಲ್ಲ.

ಮೀಟರ್_ಮಾಮ:
ದಾಸ ಅವ್ರೇ, ಬಿಎಂಎಸ್ ಇರೋದು ಕಾರಿನ ಏರ್‌ಬ್ಯಾಗ್ ಇದ್ದಂಗೆ, ಏರ್‌ಬ್ಯಾಗ್ ಇದೆ ಅಂತ ದಿನಾ ಗೋಡೆಗೆ ಗುದ್ದಿ ಗಾಡಿ ನಿಲ್ಸೋಕಾಗುತ್ತಾ? ಲೆಕ್ಕ ನೋಡಿ. ಮಾಮೂಲಿ ಲಿಥಿಯಂ ಅಯಾನ್ ಸೆಲ್ಲು ತುಂಬಿದಾಗ 4.2 ವೋಲ್ಟು, ಅದರ ಮೇಲೆ ಹೋಗ್ಬಾರ್ದು. 48 ವೋಲ್ಟ್ ಅಂತ ಮಾರೋ ಪ್ಯಾಕಲ್ಲಿ ಸಾಮಾನ್ಯವಾಗಿ ಅಂಥ 13 ಸೆಲ್ಲು ಸೀರೀಸಲ್ಲಿ, ಅಂದ್ರೆ ಒಂದ್ರ ಹಿಂದೆ ಒಂದು ವೋಲ್ಟೇಜ್ ಕೂಡೋ ಹಂಗೆ, ಇರುತ್ತೆ, 13ನ್ನ 4.2ರಿಂದ ಗುಣಿಸಿದ್ರೆ 54.6. ಅಂಗಡೀಲಿ ತೋರಿಸಿದ ಮೊದಲನೇ ಚಾರ್ಜರ್ ಅದು. ಈಗ ಅಟ್ಟದ ಚಾರ್ಜರ್‌ಗೆ ಬನ್ನಿ, ಅದು ನಾಕು 12 ವೋಲ್ಟ್ ಲೆಡ್ ಬ್ಯಾಟರಿಗೆ ಮಾಡಿರೋದು, ಒಂದೊಂದಕ್ಕೂ 14.7 ತನಕ ಏರಿಸುತ್ತೆ, ಅಂದ್ರೆ ಒಟ್ಟು 59ರ ಹತ್ರ. 59ನ್ನ 13ರಿಂದ ಭಾಗಿಸಿ, ಸೆಲ್ಲಿಗೆ 4.5 ವೋಲ್ಟು. ಇನ್ನೊಂದು ಯಾರೂ ಯೋಚ್ನೆ ಮಾಡಲ್ಲ, ಲೆಡ್ ಚಾರ್ಜರ್ ತುಂಬಿದ್ಮೇಲೂ ಆಫ್ ಆಗಲ್ಲ, ಫ್ಲೋಟ್‌ಗೆ, ಅಂದ್ರೆ ತುಂಬಿದ ಬ್ಯಾಟರೀನ ಹಂಗೇ ಹಿಡಿದಿಡೋ ಕಮ್ಮಿ ವೋಲ್ಟೇಜಿಗೆ, ಇಳಿಯುತ್ತೆ, ಆ ಫ್ಲೋಟೇ ಬ್ಯಾಟರಿಗೆ 13.8, ನಾಕಕ್ಕೆ 55.2, ಭಾಗಿಸಿದ್ರೆ ಸೆಲ್ಲಿಗೆ 4.25. ಅಂದ್ರೆ ಹಸಿರು ಲೈಟ್ ಬಂದು ತಣ್ಣಗೆ ಕೂತಿರುವಾಗ್ಲೂ ಅದು ಮಿತಿ ಮೀರಿ ತಳ್ಳುತ್ತಲೇ ಇರುತ್ತೆ, ರಾತ್ರಿ ಪೂರ್ತಿ.

ಯಲಹಂಕ_ಅಕ್ಕ:
ಮಾಮ ಹೇಳಿದ್ದು ಸರಿ. ನಾನು ಪ್ಯಾಕ್ ಅಸೆಂಬ್ಲಿ ಲೈನಲ್ಲೇ ಕೆಲಸ ಮಾಡೋದು, ಅದಕ್ಕೆ ಬಿಎಂಎಸ್ ಬಗ್ಗೆ ಒಂದು ಮಾತು. ಸಾಮಾನ್ಯವಾಗಿ ಯಾವುದೋ ಒಂದು ಸೆಲ್ ಗುಂಪು (ಒಟ್ಟಿಗೆ ಜೋಡಿಸಿ ಒಂದೇ ಸೆಲ್ಲಿನಂಗೆ ಕೆಲಸ ಮಾಡೋ ಸೆಲ್ಲುಗಳು) 4.25ರ ಆಸುಪಾಸು ಮುಟ್ಟಿದ್ರೆ ಅದು ಚಾರ್ಜಿಂಗ್ ಕಟ್ ಮಾಡುತ್ತೆ, ವೋಲ್ಟೇಜ್ ಸ್ವಲ್ಪ ಇಳಿದ ತಕ್ಷಣ ಮತ್ತೆ ಬಾಗಿಲು ತೆಗೆಯುತ್ತೆ, ಚಾರ್ಜರ್ ಮತ್ತೆ ತಳ್ಳುತ್ತೆ, ಮತ್ತೆ ಕಟ್. ಹೀಗೆ ರಾತ್ರಿಯಿಡೀ ಬಾಗಿಲು ಬಡ್ಕೊಂಡಂಗೆ. ಆ ಬಾಗಿಲು ಅಂದ್ರೆ ಮಾಸ್‌ಫೆಟ್ ಅನ್ನೋ ಎಲೆಕ್ಟ್ರಾನಿಕ್ ಸ್ವಿಚ್ಚು, ಅದು ಕೆಟ್ರೆ ಬಹಳ ಸಲ ತೆರೆದ ಸ್ಥಿತಿಯಲ್ಲೇ ಕೆಡುತ್ತೆ, ಅಂದ್ರೆ ಕರೆಂಟ್ ತಡೆಯೋರು ಯಾರೂ ಇರಲ್ಲ, ಮತ್ತೆ ನಿಮಗೆ ಗೊತ್ತೂ ಆಗಲ್ಲ, ಸ್ಕೂಟರ್ ಎಂದಿನಂಗೇ ಓಡ್ತಿರುತ್ತೆ. ದಿನಾ ಚಾರ್ಜ್ ನಿಲ್ಸೋದು ಚಾರ್ಜರ್ ಕೆಲಸ. ಬಿಎಂಎಸ್ ಕೆಲಸ ಚಾರ್ಜರ್ ತಪ್ಪಿದ ಆ ಒಂದು ದಿನಕ್ಕೆ.

ಪೀಣ್ಯ_ಹುಬ್ಬಳ್ಳಿ:
ದಾಸ ಅಣ್ಣಾರ, ಏನೂ ಆಗಿಲ್ಲ ಅಂತೀರಿ, ನಂದ ಕೇಳ್ರಿ. ನಮ್ಮ ರೂಮಿನಾಗ ಒಬ್ಬಾಂವ ಹಿಂಗ ಮಾಡ್ತಿದ್ದ, ಲಿಥಿಯಂ ಪ್ಯಾಕಿಗೆ ಲೆಡ್ ಬ್ಯಾಟರಿ ಚಾರ್ಜರ್, ಎರಡು ತಿಂಗಳು ಛಲೋ ನಡೀತು. ಒಂದಿನ ಮುಂಜಾನೆ ಎದ್ರ ರೂಮಿನ್ಯಾಗ ಉಗುರಿನ ಬಣ್ಣದ ವಾಸನಿ, ನೇಲ್ ಪಾಲಿಶ್ ಇರತೈತಲ್ರಿ ಹಂಗ ಸಿಹಿ ಸಿಹಿ. ನೋಡಿದ್ರ ಚಪ್ಪಟಿ ಸೆಲ್ಲಿನ ಪ್ಯಾಕ್ ಅದು, ಬಾಕ್ಸ್ ಮ್ಯಾಲಿನ ಮುಚ್ಚಳ ಪೂರಿ ಉಬ್ಬಿದಂಗ ಉಬ್ಬಿತ್ತು. ಪ್ಲಗ್ ಕಿತ್ತು, ಪ್ಯಾಕ್ ತಣ್ಣಗಾಗೂ ತನಕ ಕಾಯ್ದು ಟೆರೇಸ್ ಮ್ಯಾಲೆ ಒಂದು ಮೂಲ್ಯಾಗ ಇಟ್ಟು ಬಂದ್ವಿ, ಇಡೀ ದಿನ ಯಾರೂ ಹತ್ರ ಹೋಗ್ಲಿಲ್ಲ. ನಮ್ಮ ಪುಣ್ಯ, ಬೆಂಕಿ ಹತ್ತಲಿಲ್ಲ. ಮೂರನೇ ಮಹಡಿ, ಇರೋದು ಒಂದ ಮೆಟ್ಟಿಲ, ಅದರ ಬುಡದಾಗ ಚಾರ್ಜಿಗೆ ಇಡ್ತಿದ್ದ ಅಂವ. ಈಗ ನೆನಸಿಕೊಂಡ್ರ ಮೈ ಝುಮ್ ಅಂತೈತಿ.

ಡಬಲ್_ರೋಡ್_ದಾಸ:
ಸರಿ ಸರಿ, ಸೋತೆ. ಆದ್ರೆ ಹಂಗಾದ್ರೆ 58.4, 58.8 ಯಾವುದಕ್ಕೆ? ಸುಮ್ನೆ ಮಾಡಿರಲ್ಲ ತಾನೆ.

ಮೀಟರ್_ಮಾಮ:
ಒಳ್ಳೇ ಪ್ರಶ್ನೆ, ಇಲ್ಲೇ ಇರೋದು ಕಿತಾಪತಿ. 48 ವೋಲ್ಟ್ ಅನ್ನೋದು ಮನೆತನದ ಹೆಸರಿದ್ದಂಗೆ, ಅದರಲ್ಲಿ ಅಣ್ಣತಮ್ಮಂದಿರು ಬೇರೆ ಬೇರೆ. ಲಿಥಿಯಂ ಅಂತ ನಾವು ಒಂದೇ ಉಸಿರಲ್ಲಿ ಕರೆಯೋದ್ರಲ್ಲಿ ಗಾಡಿ ಕೆಲಸಕ್ಕೆ ಮುಖ್ಯವಾಗಿ ಎರಡು ಜಾತಿ. ಒಂದು ಎನ್‌ಎಂಸಿ, ನಿಕ್ಕಲ್ ಮ್ಯಾಂಗನೀಸ್ ಕೋಬಾಲ್ಟು, ಸೆಲ್ಲಿಗೆ ಹೆಸರಿನ ವೋಲ್ಟೇಜ್ 3.6 ಅಥವಾ 3.7, ತುಂಬಿದ್ರೆ 4.2. ಇನ್ನೊಂದು ಎಲ್‌ಎಫ್‌ಪಿ, ಲಿಥಿಯಂ ಐರನ್ ಫಾಸ್ಫೇಟು, ಹೆಸರಿನದ್ದು 3.2, ತುಂಬಿದ್ರೆ 3.65. ಎನ್‌ಎಂಸಿ 13 ಹಾಕಿದ್ರೆ 54.6, ಕೆಲವ್ರು 14 ಹಾಕ್ತಾರೆ ಅದು 58.8. ಎಲ್‌ಎಫ್‌ಪಿ 16 ಹಾಕಿದ್ರೆ 58.4, 15 ಹಾಕಿದ್ರೆ 54.75. ಈ ನಾಕೂ ಅಂಗಡೀಲಿ 48 ವೋಲ್ಟೇ. ಅದಕ್ಕೇ ಚಾರ್ಜರ್ ಕೇಳುವಾಗ 48 ಅಂತ ಕೇಳ್ಬಾರ್ದು. ಯಾವ ಜಾತಿ ಸೆಲ್ಲು, ಎಷ್ಟು ಸೀರೀಸು, ತುಂಬಿದಾಗ ಎಷ್ಟು ವೋಲ್ಟು, ಈ ಮೂರನೇದನ್ನ ಹಿಡ್ಕೊಂಡು ಕೇಳ್ಬೇಕು.

ಶ್ರೀನಗರ ಅವ್ರೇ, ಸತ್ತ ಚಾರ್ಜರ್ ಎಲ್ಲಿ? ಅದರ ಬೆನ್ನ ಮೇಲೆ ಔಟ್‌ಪುಟ್ ಅಂತ ಬರ್ದಿರುತ್ತೆ, ಅದನ್ನ ನೋಡಿದ್ರೆ ಕಥೆ ಮುಗೀತು.

ಶ್ರೀನಗರ_ಬಸ್‌ಸ್ಟಾಪ್:
ಮಾಮ, ಅದನ್ನ ಅಪ್ಪ ಭಾನುವಾರನೇ ಗುಜರಿಯವನಿಗೆ ಹಳೇ ಪೇಪರ್ ಜೊತೆ ಕೊಟ್ಬಿಟ್ಟಿದಾರೆ. 40 ರೂಪಾಯಿ ಬಂತಂತೆ, ಖುಷಿಯಾಗಿದಾರೆ.

ಮೀಟರ್_ಮಾಮ:
😀 ಕೆಟ್ಟಿದ್ದನ್ನ ಕೊಟ್ರು, ಕೆಡಿಸೋದನ್ನ ಅಟ್ಟದಲ್ಲಿ ಇಟ್ಕೊಂಡ್ರು.

ಲಗ್ನದ_ಕ್ಯಾಮೆರಾ:
ನಡುವೆ ಬಾಯಿ ಹಾಕ್ತಿದೀನಿ ಕ್ಷಮಿಸಿ, ನಂದು ಸಣ್ಣ ಡೌಟು. ನಾನು ಮದುವೆ ಫೋಟೋಗ್ರಾಫರ್, ಫ್ಲಾಶ್‌ಗೆ ಎಎ ಸೈಜಿನ ರೀಚಾರ್ಜಬಲ್ ಸೆಲ್ಲು ಬಳಸ್ತೀನಿ, ನಿಕ್ಕಲ್ ಮೆಟಲ್ ಹೈಡ್ರೈಡು, 2000 ಎಂಎಎಚ್. ಚಾರ್ಜರಲ್ಲಿ ಹಸಿರು ಬಂದಿರುತ್ತೆ, ಛತ್ರದಲ್ಲಿ ಧಾರೆ ಹೊತ್ತಿಗೆ ಸರಿಯಾಗಿ ಒಂದು ಸೆಲ್ಲು ಕೈ ಕೊಡುತ್ತೆ. ಇದೂ ಚಾರ್ಜರ್ ತಪ್ಪಾ?

ಯಲಹಂಕ_ಅಕ್ಕ:
ನಿಮ್ಮ ಚಾರ್ಜರಲ್ಲಿ ನಾಕು ಸೆಲ್ಲಿಗೆ ಲೈಟ್ ಎಷ್ಟಿದೆ? ಎರಡೇ ಇದ್ರೆ ಅದು ಜೋಡಿ ಜೋಡಿಯಾಗಿ ಚಾರ್ಜ್ ಮಾಡೋ ಮಾಡೆಲ್ಲು. ಜೋಡೀಲಿ ಒಂದು ಮೊದಲೇ ತುಂಬಿರುತ್ತೆ, ಇನ್ನೊಂದು ಅರ್ಧ ಇರುತ್ತೆ, ಚಾರ್ಜರ್‌ಗೆ ಬೇರೆ ಬೇರೆ ಕಾಣಲ್ಲ. ಒಂದೊಂದು ಸೆಲ್ಲಿಗೂ ಒಂದೊಂದು ಚಾನೆಲ್ ಇರೋದನ್ನ ತಗೊಳ್ಳಿ. ಮತ್ತೆ ನಿಕ್ಕಲ್ ಸೆಲ್ಲಿಗೆ ಲಿಥಿಯಂ ತರ ಇಂತಿಷ್ಟು ವೋಲ್ಟಿಗೆ ನಿಲ್ಸು ಅನ್ನೋ ಲೆಕ್ಕ ನಡೆಯಲ್ಲ, ಅದು ತುಂಬಿದಾಗ ವೋಲ್ಟೇಜ್ ಮೇಲೇರಿ ಆಮೇಲೆ ಐದ್ಹತ್ತು ಮಿಲಿವೋಲ್ಟ್ ಕೆಳಗೆ ಇಳಿಯುತ್ತೆ, ಒಳ್ಳೇ ಚಾರ್ಜರ್ ಆ ಇಳಿತಾನೇ ಕಾಯ್ಕೊಂಡಿದ್ದು ನಿಲ್ಸುತ್ತೆ. ಕರೆಂಟ್ ತೀರಾ ಕಮ್ಮಿ ಇದ್ರೆ ಆ ಇಳಿತ ಕಾಣ್ಸೋದೇ ಇಲ್ಲ. ಅದಕ್ಕೆ ನಿಮ್ಮ 2000ದ ಸೆಲ್ಲಿಗೆ ಒಂದೋ 200 ಮಿಲಿಆಂಪಲ್ಲಿ 14ರಿಂದ 16 ಗಂಟೆ ಟೈಮ್ ನೋಡ್ಕೊಂಡು ಹಾಕಿ, ಇಲ್ಲಾ 1 ಆಂಪ್ ಆಚೀಚೆ ಕೊಡೋ ಸ್ಮಾರ್ಟ್ ಚಾರ್ಜರಲ್ಲಿ ಹಾಕಿ. ನಡುವೆ 300, 400 ಕೊಡೋ ಅಗ್ಗದ್ದು ಎರಡಕ್ಕೂ ಸಲ್ಲಲ್ಲ.

ಲಗ್ನದ_ಕ್ಯಾಮೆರಾ:
ಎರಡೇ ಲೈಟು ಅಕ್ಕ 🙏 ನಾಳೆನೇ ಬದಲಾಯಿಸ್ತೀನಿ, ಶುಕ್ರವಾರ ನಾಗರಬಾವೀಲಿ ರಿಸೆಪ್ಷನ್ ಇದೆ.

ಶ್ರೀನಗರ_ಬಸ್‌ಸ್ಟಾಪ್:
ವಾಪಸ್ ನನ್ನ ಕಥೆಗೆ ಬರ್ರಪ್ಪ. ಆಫೀಸಿಂದ ಬರ್ತಾ ಒಂದು ಮಲ್ಟಿಮೀಟರ್ ತಂದೆ. ಪ್ಯಾಕ್‌ನ ಔಟ್‌ಪುಟ್ ವೈರಲ್ಲಿ ಅಳೆದೆ, 49.3 ತೋರಿಸ್ತಿದೆ. ಇದರಿಂದ ಏನಾದ್ರೂ ಗೊತ್ತಾಗುತ್ತಾ?

ಮೀಟರ್_ಮಾಮ:
ಭಾಗಿಸಿ ನೋಡೋಣ. 13 ಎನ್‌ಎಂಸಿ ಆದ್ರೆ ಸೆಲ್ಲಿಗೆ 3.79, ಅಂದ್ರೆ ಅರ್ಧ ಚಾರ್ಜ್ ಇದೆ, ನಂಬೋ ಹಂಗಿದೆ. 14 ಆದ್ರೆ 3.52, ಕಾಲು ಭಾಗನೂ ಇಲ್ಲ, ಅಪ್ಪ ಕೊನೇ ಸಲ ಓಡಿಸಿದಾಗ ಸ್ಕೂಟರ್ ಸುಸ್ತಾಗಿತ್ತಾ ಕೇಳಿ. 15 ಎಲ್‌ಎಫ್‌ಪಿ ಆದ್ರೆ 3.29, ಅದೂ ನಡುವಿನ ಚಾರ್ಜೇ, ಅದೂ ನಂಬೋ ಹಂಗಿದೆ! 16 ಆದ್ರೆ 3.08, ಬಹುತೇಕ ಖಾಲಿ. ಅಂದ್ರೆ ಒಟ್ಟು ವೋಲ್ಟೇಜ್ ಒಂದ್ರಿಂದ ತೀರ್ಮಾನ ಆಗಲ್ಲ. ಒಂದು ಸೆಲ್ ಗುಂಪಿನ ವೋಲ್ಟೇಜ್ ಬೇಕು.

ಯಲಹಂಕ_ಅಕ್ಕ:
ಅದಕ್ಕೆ ಬಾಕ್ಸ್ ಮುಚ್ಚಳ ತೆಗೀಬೇಕು, ಇದು ಹೇಳೋಕೆ ನನಗೆ ಇಷ್ಟ ಇಲ್ಲ, ಧೈರ್ಯ ಇಲ್ಲ ಅಂದ್ರೆ ಬ್ಯಾಟರಿ ರಿಪೇರಿ ಮಾಡೋರ ಹತ್ರ ತಗೊಂಡ್ಹೋಗಿ, ಅವ್ರಿಗೆ ಐದು ನಿಮಿಷದ ಕೆಲಸ. ನೀವೇ ಮಾಡೋದಾದ್ರೆ ಬರೀ ನೋಡಿ ಎಣಿಸಿ ಅಳೆದು ಮುಚ್ಚಿ, ಒಳಗೆ ಏನನ್ನೂ ಎಳೀಬೇಡಿ, ಸ್ಕ್ರೂಡ್ರೈವರ್ ಒಳಗೆ ಬೀಳ್ಬಾರ್ದು. ಉಂಗುರ, ಕಡಗ, ವಾಚು, ಕೊರಳ ಚೈನು ಎಲ್ಲ ತೆಗೆದಿಡಿ. 50 ವೋಲ್ಟಲ್ಲಿ ಶಾಕ್‌ಗಿಂತ ಶಾರ್ಟ್ ಆಗೋದೇ ದೊಡ್ಡ ಭಯ, ಈ ಪ್ಯಾಕ್‌ಗಳು ಒಂದು ಕ್ಷಣಕ್ಕೆ ನೂರಾರು ಆಂಪ್ ಕೊಡುತ್ವೆ, ಉಂಗುರ ಕೆಂಡ ಆಗುತ್ತೆ. ಬಿಎಂಎಸ್ ಅಂದ್ರೆ ಹಸಿರೋ ಕಪ್ಪೋ ಬೋರ್ಡು, ಅದಕ್ಕೆ ಬಿಳೀ ಕನೆಕ್ಟರಲ್ಲಿ ಸಾಲಾಗಿ ಸಣ್ಣ ವೈರ್ ಬಂದಿರುತ್ತೆ. ಎಣಿಸಿ. 13 ಸೀರೀಸಿಗೆ ಸಾಮಾನ್ಯವಾಗಿ 14 ವೈರು, 15ಕ್ಕೆ 16. ಕೆಲವು ಬೋರ್ಡಲ್ಲಿ ನೆಗೆಟಿವ್‌ದೊಂದು ಸಣ್ಣ ವೈರ್ ಇರಲ್ಲ, ಹಂಗಾಗಿ ಎಣಿಕೆ ಒಂದನ್ನೇ ನಂಬ್ಬೇಡಿ, ಅಕ್ಕಪಕ್ಕದ ಎರಡು ವೈರ್ ಮಧ್ಯೆ ವೋಲ್ಟೇಜೂ ನೋಡಿ.

ಸೋಲ್ಡರ್_ಶೆಟ್ರು:
ಮೀಟರಿನ ಕೆಂಪು ಪ್ರೋಬ್ ಯಾವ ತೂತಲ್ಲಿ ಇದೆ ಅಂತ ಮೊದಲು ನೋಡ್ಕೊಳ್ಳಿ ಮಾರಾಯ್ರೆ!! ನಾನೊಮ್ಮೆ ಕರೆಂಟ್ ಅಳೆದು 10 ಆಂಪ್ ತೂತಲ್ಲೇ ಬಿಟ್ಟಿದ್ದೆ, ಮರೆತು ಹಂಗೇ 36 ವೋಲ್ಟ್ ಪ್ಯಾಕ್‌ನ ಎರಡು ಕಡೆ ಮುಟ್ಟಿಸಿದೆ. ಆ ತೂತಲ್ಲಿ ಮೀಟರ್ ಅಂದ್ರೆ ಬರೀ ಒಂದು ವೈರ್ ತುಂಡು. ಚಟಾರ್ ಅಂತ ನೀಲಿ ಬೆಳಕು, ಪ್ರೋಬ್ ತುದಿ ಪೆನ್ಸಿಲ್ ಮೊಂಡಾದಂಗೆ ಕರಗಿ ಗುಂಡಗಾಯ್ತು, ಹುಬ್ಬು ಸ್ವಲ್ಪ ಸುಟ್ಟಿತ್ತು. ಆ ಪ್ರೋಬನ್ನ ಇನ್ನೂ ಮೇಜಿನ ಮೇಲೆ ನೇತು ಹಾಕಿದೀನಿ, ದೃಷ್ಟಿ ಬೊಂಬೆ ತರ.

ಭಜನೆ_ಮೈಕ್:
ಇದೇ ಸಮಯದಲ್ಲಿ ನಂದೂ ಒಂದು ಕೇಳ್ಬಿಡ್ತೀನಿ ಶೆಟ್ರೇ. ನಮ್ಮ ಭಜನಾ ಮಂಡಳಿ ಆಂಪ್ಲಿಫಯರ್ ಒಳಗೆ 12 ವೋಲ್ಟ್ 7 ಎಎಚ್ ಸೀಲ್ಡ್ ಬ್ಯಾಟರಿ ಇತ್ತು, ಅದು ಹೋಯ್ತು. ಅದೇ ಸೈಜಿಂದು ಎಲ್‌ಎಫ್‌ಪಿ ಸಿಗುತ್ತೆ, ಹಗುರ ಇದೆ, ಹಾಕ್ಸೋಣ ಅಂತ. ಒಳಗಿನ ಚಾರ್ಜರ್ ಹಳೇದೇ ಇರ್ಲಾ?

ಸೋಲ್ಡರ್_ಶೆಟ್ರು:
ಆ ಹಳೇ ಚಾರ್ಜರ್ 13.8 ಕೊಡೋದಾದ್ರೆ ಪೆಟ್ಟೇನಿಲ್ಲ. 12 ವೋಲ್ಟ್ ಎಲ್‌ಎಫ್‌ಪಿ ಅಂದ್ರೆ ನಾಕು ಸೆಲ್ಲು, ತುಂಬೋಕೆ 14.6 ಬೇಕು, 13.8ಕ್ಕೆ ಸೆಲ್ಲಿಗೆ 3.45 ಸಿಗುತ್ತೆ, ನಿಧಾನಕ್ಕೆ ಬಹುಪಾಲು ತುಂಬುತ್ತೆ. ಸೆಲ್ಲುಗಳ ಬ್ಯಾಲೆನ್ಸ್, ಅಂದ್ರೆ ಎಲ್ಲ ಸೆಲ್ಲೂ ಒಂದೇ ಮಟ್ಟಕ್ಕೆ ಬರೋದು, ಮಾತ್ರ ಅಷ್ಟರಲ್ಲಿ ಸರಿ ಆಗಲ್ಲ, ತಿಂಗಳಿಗೊಮ್ಮೆ ಹೊರಗಡೆ 14.6ರ ಸರಿಯಾದ ಚಾರ್ಜರ್ ಹಾಕಿ. ಆದ್ರೆ ರಿಪೇರ್ ಮೋಡ್, ಡಿಸಲ್ಫೇಶನ್ ಅಂತೆಲ್ಲ ಬಟನ್ ಇರೋ ಕಾರ್ ಬ್ಯಾಟರಿ ಚಾರ್ಜರ್ ಇದಕ್ಕೆ ತಂದು ಚುಚ್ಚಬೇಡಿ, ಆ ಮೋಡಲ್ಲಿ ಏರು ವೋಲ್ಟೇಜ್ ಪಲ್ಸ್ ಹೊಡೀತಾರೆ, ಲೆಡ್ಡಿಗೆ ಅದು ಔಷಧಿ, ಇದಕ್ಕೆ ವಿಷ.

ಇಂಟೀರಿಯರ್_ಮೇಸ್ತ್ರಿ:
ಡ್ರಿಲ್ಲಿಂಗ್ ಮಷಿನ್ ಬಗ್ಗೆನೂ ಹೇಳಿ. 21 ವೋಲ್ಟ್ ಕಾರ್ಡ್‌ಲೆಸ್, ಚಾರ್ಜರ್ ಸೈಟಲ್ಲಿ ಯಾರೋ ಎತ್ಕೊಂಡೋದ್ರು, ಹುಡುಗ 24 ವೋಲ್ಟ್ ಅಡಾಪ್ಟರ್ ತಂದಿದಾನೆ, ಎಲ್‌ಇಡಿ ಸ್ಟ್ರಿಪ್‌ದು, ಜ್ಯಾಕ್ ಕೂತಿದೆ ನೋಡಣ್ಣ ಅಂತಾನೆ.

ಮೀಟರ್_ಮಾಮ:
ಜ್ಯಾಕ್ ಕೂತಿದೆ ಅನ್ನೋ ಮಾತಿಂದಾನೇ ನಮ್ಮೂರಲ್ಲಿ ಅರ್ಧ ಬ್ಯಾಟರಿ ಸಾಯೋದು. ನಿಮ್ಮದು ಐದು ಸೆಲ್ಲು, ತುಂಬಿದ್ರೆ ಸರಿಯಾಗಿ 21, ಅದಕ್ಕೇ ಆ ಹೆಸರು. ಇದೇ ಐದು ಸೆಲ್ಲನ್ನ ಕೆಲವು ಕಂಪನಿಯವ್ರು 18 ವೋಲ್ಟ್ ಅಂತಾರೆ, ಕೆಲವ್ರು 20 ಅಂತಾರೆ. 24ನ್ನ ಐದರಿಂದ ಭಾಗಿಸಿದ್ರೆ 4.8, ಹುಡುಗನಿಗೆ ಹೇಳಿ ಅದನ್ನ ಎಲ್‌ಇಡಿಗೇ ಹಾಕೋಕೆ. ಇನ್ನೊಂದು, ಅಡಾಪ್ಟರ್ ಬೇರೆ ಚಾರ್ಜರ್ ಬೇರೆ. ಲಿಥಿಯಂ ಚಾರ್ಜರ್ ಮೊದಲು ಕರೆಂಟನ್ನ ಒಂದು ಮಟ್ಟದಲ್ಲಿ ಹಿಡಿದು ತುಂಬುತ್ತೆ, ಮೇಲಿನ ವೋಲ್ಟೇಜ್ ಮುಟ್ಟಿದ್ಮೇಲೆ ವೋಲ್ಟೇಜ್ ಹಿಡಿದು ಕರೆಂಟ್ ತಾನಾಗೇ ಇಳಿಯೋಕೆ ಬಿಡುತ್ತೆ, ಸಾಕಷ್ಟು ಇಳಿದ್ಮೇಲೆ ಕಟ್. ನೀರಿನ ಬಿಂದಿಗೆ ತುಂಬುವಾಗ ಮೊದಲು ನಲ್ಲಿ ಪೂರ್ತಿ ಬಿಟ್ಟು ಕುತ್ತಿಗೆ ಹತ್ರ ಬಂದಾಗ ಸಣ್ಣ ಮಾಡ್ತೀವಲ್ಲ, ಹಂಗೆ. ಸಿಸಿಟಿವಿ, ಎಲ್‌ಇಡಿ ಅಡಾಪ್ಟರ್‌ಗೆ ಈ ಬುದ್ಧಿ ಇಲ್ಲ.

ಶ್ರೀನಗರ_ಬಸ್‌ಸ್ಟಾಪ್:
ಮುಚ್ಚಳ ತೆಗೆದೆ. ಉಂಗುರ ತೆಗೆದಿಟ್ಟೆ, ಕೆಂಪು ಪ್ರೋಬ್ ವೋಲ್ಟ್ ತೂತಲ್ಲೇ ಇದೆ ಅಂತ ಮೂರು ಸಲ ನೋಡಿದೆ ಶೆಟ್ರೇ. ಅಮ್ಮ ದೂರದಲ್ಲಿ ನಿಂತು ಬೇಡ ಕಣೋ ಬೇಡ ಕಣೋ ಅಂತಿದ್ರು, ಅಪ್ಪ ಟಾರ್ಚ್ ಹಿಡ್ಕೊಂಡಿದ್ರು. ಒಳಗೆ ಪೆನ್ ಟಾರ್ಚ್ ಸೆಲ್ಲಿಗಿಂತ ಸ್ವಲ್ಪ ದಪ್ಪ ದುಂಡು ಸೆಲ್ಲುಗಳು, ಸಾಲು ಸಾಲಾಗಿ, ಮೇಲೆ ನಿಕ್ಕಲ್ ಪಟ್ಟಿ ವೆಲ್ಡ್ ಮಾಡಿದಾರೆ, ಎಲ್ಲದ್ರ ಮೇಲೂ ಹಳದೀ ಪೇಪರ್. ಬಿಳೀ ಕನೆಕ್ಟರಲ್ಲಿ ವೈರು ಎಣಿಸಿದೆ, 14. ಅಪ್ಪನೂ ಎಣಿಸಿದ್ರು, 14. ಅಕ್ಕಪಕ್ಕದ ಎರಡಕ್ಕೆ ಪ್ರೋಬ್ ತುದಿ ಮುಟ್ಟಿಸಿದ್ರೆ 3.79, ಮುಂದಿನ ಜೋಡಿ 3.79, ಅದರ ಮುಂದಿನದು 3.78. ಪೂರ್ತಿ ನೋಡಿದೆ, 13 ಸಲ ಬಂತು, ಎಲ್ಲ 3.78ರಿಂದ 3.80 ಒಳಗೆ.

ಯಲಹಂಕ_ಅಕ್ಕ:
ಸಕ್ಕತ್! ಬಗೆಹರೀತು. ಎಲ್‌ಎಫ್‌ಪಿ ಸೆಲ್ಲು ಚಾರ್ಜರ್ ತೆಗೆದು ಸುಮ್ನೆ ಇಟ್ರೆ 3.4ರ ಕೆಳಗೆ ಬಂದು ಕೂರುತ್ತೆ, 3.79ರಲ್ಲಿ ಎಂದೂ ನಿಲ್ಲಲ್ಲ. ಹಂಗಾಗಿ ಇದು 4.2 ಜಾತಿನೇ, 13 ಸೀರೀಸು, ನಿಮಗೆ ಬೇಕಿರೋದು 54.6ರ ಚಾರ್ಜರ್. ಮತ್ತೆ ಗುಂಪುಗಳ ಮಧ್ಯೆ 0.02 ವೋಲ್ಟ್ ಅಷ್ಟೇ ವ್ಯತ್ಯಾಸ, ಎರಡು ವರ್ಷದ ಪ್ಯಾಕ್‌ಗೆ ಇದು ತುಂಬಾ ಚೆನ್ನಾಗಿದೆ, ಹಾಕಿಕೊಟ್ಟವ್ರು ಒಳ್ಳೇ ಸೆಲ್ಲೇ ಹಾಕಿದಾರೆ.

ಮೀಟರ್_ಮಾಮ:
ಈಗ ಆಂಪ್ ವಿಷಯ. 24 ಎಎಚ್ ಪ್ಯಾಕ್‌ಗೆ 5 ಆಂಪ್ ತಗೊಳ್ಳಿ, 24ರ ಕಾಲು ಭಾಗಕ್ಕಿಂತ ಕಮ್ಮಿ, ಸೆಲ್ಲಿಗೆ ಆರಾಮು. ಪೂರ್ತಿ ಖಾಲಿಯಿಂದ 24 ಭಾಗ 5, ಮೇಲೆ ಕೊನೇ ನಿಧಾನದ್ದು ಸೇರಿಸಿ ಐದೂವರೆ ಗಂಟೆ ಆಗಬಹುದು. ಕರೆಂಟ್ ಬಿಲ್ಲಿಗೆ ಒಂದೂಕಾಲು ಯುನಿಟ್ ಆಚೀಚೆ. 10 ಆಂಪಿಂದು ತೋರಿಸಿ ಬೇಗ ಆಗುತ್ತೆ ಅಂದ್ರೆ ಬೇಡ, ಸೆಲ್ಲು ತಡ್ಕೋಬಹುದು ಆದ್ರೆ ನಿಮ್ಮ ಬಿಎಂಎಸ್‌ನ ಚಾರ್ಜಿಂಗ್ ಮಿತಿ ಎಷ್ಟು ಅಂತ ಬೋರ್ಡ್ ಮೇಲೆ ಓದದೆ ಹಾಕ್ಬಾರ್ದು, ಆ ಸಣ್ಣ ಚಾರ್ಜಿಂಗ್ ವೈರೂ ಬಿಸಿ ಆಗುತ್ತೆ.

ಡಬಲ್_ರೋಡ್_ದಾಸ:
ಮಾಮ ಮೊಬೈಲ್‌ಗೆ ಮಾತ್ರ 65 ವ್ಯಾಟ್ ಚಾರ್ಜರ್ ಹಾಕಿದ್ರೂ ಏನಾಗಲ್ಲ ಅಂತಾರಲ್ಲ, ಇಲ್ಲಿ ಯಾಕೆ ಆಂಪ್ ಜಾಸ್ತಿ ಬೇಡ?

ಯಲಹಂಕ_ಅಕ್ಕ:
ಮೊಬೈಲಲ್ಲಿ ನಿಜವಾದ ಚಾರ್ಜರ್ ಫೋನ್ ಒಳಗೇ ಇರುತ್ತೆ ದಾಸ ಅವ್ರೇ, ಹೊರಗಿಂದು ಬರೀ ಅಡಾಪ್ಟರು. ಫೋನೂ ಅದೂ ಮಾತಾಡ್ಕೊಂಡು ಎಷ್ಟು ಬೇಕೋ ಅಷ್ಟು ತಗೊಳ್ಳುತ್ವೆ. ಇಂಥ ಪ್ಯಾಕ್‌ಗೂ ಚಾರ್ಜರ್‌ಗೂ ಮಾತುಕತೆ ಇಲ್ಲ, ಹೊರಗಿನ ಡಬ್ಬ ಎಷ್ಟು ತಳ್ಳುತ್ತೋ ಅಷ್ಟೂ ಒಳಗೆ.

ಸೋಲ್ಡರ್_ಶೆಟ್ರು:
ಪಿನ್ ಬಗ್ಗೆ ಯಾರೂ ಹೇಳಲೇ ಇಲ್ಲ. ಈ ಲೋ ಸ್ಪೀಡ್ ಸ್ಕೂಟರುಗಳಲ್ಲಿ ಚಾರ್ಜಿಂಗ್ ಪಿನ್ನು ಕಂಪ್ಯೂಟರ್ ಸಿಪಿಯು ಪವರ್ ಕಾರ್ಡ್ ತರಾನೇ ಮೂರು ಕಾಲಿಂದು ಇರುತ್ತೆ, ನಿಮ್ದೂ ಅದೇನಾ? ಹೌದಾದ್ರೆ ಎರಡು ಎಚ್ಚರ. ಒಂದು, ಪ್ಲಸ್ ಯಾವ ಕಾಲಿಗೆ ಅನ್ನೋದು ಎಲ್ಲರದ್ದೂ ಒಂದೇ ಅಲ್ಲ, ಕೆಲವ್ರು ಎಡಕ್ಕೆ ಕೆಲವ್ರು ಬಲಕ್ಕೆ. ಸ್ಕೂಟರ್ ಸಾಕೆಟ್ಟಲ್ಲಿ ಪ್ಲಸ್ ಎಲ್ಲಿ ಅಂತ ಮೀಟರಲ್ಲಿ ನೋಡಿ ಫೋಟೋ ತಕ್ಕೊಂಡು ಅಂಗಡಿಗೆ ಹೋಗಿ. ಎರಡನೇದು ಇನ್ನೂ ಮುಖ್ಯ, ಮನೇಲಿ ಮಕ್ಕಳೋ ಯಾರೋ ಗೊತ್ತಿಲ್ದೆ ಸಿಪಿಯು ಕಾರ್ಡನ್ನ ಗೋಡೆಗೆ ಹಾಕಿ ಸ್ಕೂಟರ್‌ಗೆ ಚುಚ್ಚಿದ್ರೆ ನೇರ 230 ವೋಲ್ಟ್ ಪ್ಯಾಕ್‌ಗೆ! ಸಾಕೆಟ್ ಮೇಲೆ ಒಂದು ಕೆಂಪು ಟೇಪಾದ್ರೂ ಸುತ್ತಿ.

ಶ್ರೀನಗರ_ಬಸ್‌ಸ್ಟಾಪ್:
ಅಯ್ಯಪ್ಪಾ ಅದೇ ಪಿನ್ನು!! ಅದಕ್ಕೇ ಅಟ್ಟದ್ದೂ ಕೂರೋದು. ಮನೇಲಿ ಅಂಥ ಕಾರ್ಡು ಮೂರಿದೆ, ಈಗ್ಲೇ ತೆಗೆದು ಬೀರು ಒಳಗಿಟ್ಟೆ.

ಯಲಹಂಕ_ಅಕ್ಕ:
ಅಂಗಡೀಲಿ ಕೊಳ್ಳುವಾಗ ಬೆನ್ನ ಮೇಲೆ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತು, ಆರ್ ಅಕ್ಷರದಿಂದ ಶುರುವಾಗೋ ನೋಂದಣಿ ನಂಬರ್ ಇದೆಯಾ ನೋಡಿ, ಬಿಐಎಸ್ ಕೇರ್ ಆ್ಯಪಲ್ಲಿ ಹಾಕಿದ್ರೆ ಅಸಲೀನಾ ಅಂತ ಅಲ್ಲೇ ಗೊತ್ತಾಗುತ್ತೆ. ಮೀಟರ್ ಜೊತೆಗೇ ಒಯ್ಯಿರಿ. ಗೋಡೆಗೆ ಹಾಕ್ಸಿ ಔಟ್‌ಪುಟ್ ಅಳೀರಿ, 54.6ಕ್ಕೆ ಕಾಲು ವೋಲ್ಟ್ ಆಚೀಚೆ ಇದ್ರೆ ಸರಿ. 55 ದಾಟಿದ್ರೆ ಸ್ಟಿಕ್ಕರ್ ಏನೇ ಹೇಳ್ಲಿ ತಗೋಬೇಡಿ. ಕೆಲವು ಚಾರ್ಜರ್ ಬ್ಯಾಟರಿ ಕಾಣದೆ ಔಟ್‌ಪುಟ್ಟೇ ಕೊಡಲ್ಲ, ಸೊನ್ನೆ ತೋರಿಸಿದ್ರೆ ಕೆಟ್ಟಿದೆ ಅಂತಲ್ಲ.

ಪೀಣ್ಯ_ಹುಬ್ಬಳ್ಳಿ:
ಬಿಸಲಾಗ ನಿಲ್ಲಿಸಿದ ಗಾಡಿ ಬಂದ ಕೂಡ್ಲೆ ಚಾರ್ಜಿಗೆ ಹಾಕಬ್ಯಾಡ್ರಿ, ಅರ್ಧ ತಾಸು ತಣ್ಣಗಾಗಲಿ.

ಮೀಟರ್_ಮಾಮ:
ಹೌದು, 45 ಡಿಗ್ರಿ ದಾಟಿದ ಸೆಲ್ಲನ್ನ ಚಾರ್ಜ್ ಮಾಡ್ಬಾರ್ದು, ಸೊನ್ನೆಗಿಂತ ಕೆಳಗೂ ಮಾಡ್ಬಾರ್ದು. ಸೊನ್ನೆ ಚಿಂತೆ ನಮಗಿಲ್ಲ, ಬೆಂಗಳೂರಿನ ದಾಖಲೆ ಚಳಿನೇ 7.8 ಡಿಗ್ರಿ, ಅದೂ 1884ರ ಜನವರೀಲಿ. ಬಿಸಿಲಿನ ಚಿಂತೆ ಇದೆ, 2016ರ ಏಪ್ರಿಲಲ್ಲಿ 39.2 ಆಗಿತ್ತು, ಅವತ್ತು ಬಿಸಿಲಲ್ಲಿ ನಿಂತ ಸ್ಕೂಟರ್ ಸೀಟಿನ ಕೆಳಗೆ ಎಷ್ಟಿರಬಹುದು ಯೋಚ್ನೆ ಮಾಡಿ.

ಶ್ರೀನಗರ_ಬಸ್‌ಸ್ಟಾಪ್:
ಶನಿವಾರ ಹೋಗಿ ತಂದೆ. ಅದೇ ಅಂಗಡಿಗೇ ಹೋದೆ, ಈ ಸಲ 48 ಅಂತ ಬಾಯೇ ಬಿಡ್ಲಿಲ್ಲ, 13 ಸೀರೀಸ್ ಎನ್‌ಎಂಸಿ, 54.6 ವೋಲ್ಟ್, 5 ಆಂಪ್, ಮೂರು ಕಾಲಿನ ಪಿನ್, ಎಡಗಡೆ ಪ್ಲಸ್ ಅಂದೆ. ಅವ್ರು ಒಂದು ಸಲ ನನ್ನ ಮುಖ ನೋಡಿ ಸ್ಟೂಲ್ ಕೊಟ್ರು, ಕೂತ್ಕೊಳ್ಳಿ ಸಾರ್ ಅಂತ. ಮೊದಲನೇ ಪೀಸು ಮೀಟರಲ್ಲಿ 55.4 ಬಂತು, ಬೇಡ ಅಂದೆ, ಎರಡನೇದು 54.5, ಆರ್ ನಂಬರೂ ಆ್ಯಪಲ್ಲಿ ಸರಿ ಬಂತು, 1,800 ಹೇಳಿ 1,650ಕ್ಕೆ ಕೊಟ್ರು. ಪ್ಯಾಕ್ ಮುಚ್ಚಿ ಸ್ಕ್ರೂ ಹಾಕಿ ಬಾಲ್ಕನೀಲಿ ಕಡಪ ಕಲ್ಲಿನ ಮೇಲೆ ಇಟ್ಟು ಸಂಜೆ 4ಕ್ಕೆ ಹಾಕ್ದೆ, ಅಪ್ಪ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಪೇಪರ್ ಹಿಡ್ಕೊಂಡು ಕೂತ್ರು, ಹತ್ತು ನಿಮಿಷಕ್ಕೊಂದ್ಸಲ ಪ್ಯಾಕ್ ಮೇಲೆ ಅಂಗೈ ಇಟ್ಟು ನೋಡೋದು, ಮಗುಗೆ ಜ್ವರ ನೋಡ್ದಂಗೆ. ಚಾರ್ಜರ್ ಬೆಚ್ಚಗಾಯ್ತು, ಪ್ಯಾಕ್ ಆಗ್ಲಿಲ್ಲ. ಮೂರು ಗಂಟೆ ಹತ್ತಿರ ಆದಾಗ ಹಸಿರು ಬಂತು. ಒಂದು ಗಂಟೆ ಬಿಟ್ಟು ಅಳೆದ್ರೆ 54.3.

ಮೀಟರ್_ಮಾಮ:
ಅರ್ಧದಿಂದ ಮೂರು ಗಂಟೆ, ಲೆಕ್ಕ ಸರಿಯಾಗಿ ಕೂತಿದೆ. 54.6ಕ್ಕೆ ತುಂಬಿದ್ದು ಸ್ವಲ್ಪ ಇಳಿದು ನಿಲ್ಲೋದು ಸಹಜ. ತಿಂಗಳುಗಟ್ಲೆ ಓಡಿಸಲ್ಲ ಅಂದ್ರೆ ಮಾತ್ರ ಪೂರ್ತಿ ತುಂಬಿಸಿ ಇಡ್ಬೇಡಿ, ಚಾರ್ಜಿಗೆ ಹಾಕೋ ಮುಂಚೆ ಇದ್ದಂಗೆ ಅರ್ಧಕ್ಕೆ, 49 ಆಸುಪಾಸಲ್ಲಿ ಬಿಡಿ.

ಯಲಹಂಕ_ಅಕ್ಕ:
ಮತ್ತೆ ಅಟ್ಟದ ಮೇಲಿರೋದು? ಅದರ ಪಿನ್ ಕತ್ತರಿಸಿ ಹಾಕಿ, ಇಲ್ಲಾ ಇವತ್ತಲ್ಲ ನಾಳೆ ನೀವಿಲ್ದಾಗ ಯಾರೋ ಚುಚ್ತಾರೆ.

ಶ್ರೀನಗರ_ಬಸ್‌ಸ್ಟಾಪ್:
ಹೇಳಿದೆ ಅಕ್ಕ. ಚೆನ್ನಾಗಿರೋ ವಸ್ತು ಯಾಕೋ ಹಾಳು ಮಾಡ್ತೀಯ ಅಂತ ಅರ್ಧ ದಿನ ವಾದ ಆಯ್ತು, ಕೊನೆಗೆ 59ನ್ನ 13ರಿಂದ ಭಾಗಿಸಿ ಕ್ಯಾಲೆಂಡರ್ ಹಿಂದೆ ಬರೆದು ತೋರಿಸಿದ್ಮೇಲೆ ಒಪ್ಕೊಂಡು ತಾವೇ ಕತ್ತರಿ ತಂದು ಪಿನ್ ಕಟ್ ಮಾಡಿದ್ರು. ಚಾರ್ಜರ್ ಗುಜರಿಗೆ ಹೋಯ್ತು, 35 ರೂಪಾಯಿ. ಪಿನ್ ಮಾತ್ರ ಕೊಟ್ಟಿಲ್ಲ, ಸ್ಕ್ರೂ ಡಬ್ಬಿಗೆ ಹಾಕಿಟ್ಟಿದಾರೆ, ಯಾವುದಕ್ಕಾದ್ರೂ ಬೇಕಾಗುತ್ತೆ ಅಂತೆ.